ನಾಲ್ಕು ಸಾಲಿನ ಇಂಗ್ಲಿಷ್

ನನ್ನ ಬ್ರೆಡ್ ಅಂಗಡಿಯ ತಲೆಯ ಮೇಲೇ ನನ್ನ ತಂಗಿ ಮಿರ್ಸಿನಿಯ ಇಂಗ್ಲಿಷ್ ಟ್ಯೂಷನ್. ಅಪ್ಪ ಸಾಯುವ ಮೊದಲು ಕೆಳಗಿನದು ನನಗೆ, ಮೇಲಿನದು ಅವಳಿಗೆ ಅಂತ ಹಂಚಿಕೊಟ್ಟಿದ್ದ. ನಡುವೆ ಇರುವುದು ಹಳೆಯ ಮರದ ಹಲಗೆ. ಮೇಲೆ ಯಾರಾದರೂ ಸೀನಿದರೆ ಕೆಳಗೆ ನಾನು "ನೂರು ವರ್ಷ ಬಾಳಪ್ಪ" ಅನ್ನುತ್ತೇನೆ, ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ಎವಿಯಾ ದ್ವೀಪದ ಉತ್ತರದ ತುದಿಯ ಈ ನಮ್ಮ ಊರಲ್ಲಿ ಇಂಗ್ಲಿಷ್ ಕಲಿಯದ ಮಗುವಿಲ್ಲ, ಇಂಗ್ಲಿಷ್ ಬರುವ ಮನುಷ್ಯನೂ ಇಲ್ಲ. ಹೀಗಂದರೆ ಮಿರ್ಸಿನಿಗೆ ಸಿಟ್ಟು. ಬರಲಿ ಬಿಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಲೇಬೇಕಲ್ಲ. ಇಲ್ಲಿ ಭಾಷೆ ಯಾರಿಗೆ ಬೇಕು? ಬೇಕಾಗಿರುವುದು ಪರೀಕ್ಷೆ ಪಾಸಾದ ಕಾಗದ. ಅದಕ್ಕೆ ಚೌಕಟ್ಟು ಹಾಕಿಸಿ ಮಾತೆ ಮರಿಯಮ್ಮನ ಪಟದ ಪಕ್ಕದಲ್ಲಿ ತೂಗುಹಾಕುತ್ತಾರೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದರೆ ಆ ಕಾಗದಕ್ಕೆ ಬೇರೆ ಅಂಕ. ಸ್ಮಶಾನ ಕಾಯುವವನಿಗೂ ಅಂಕ! ಸತ್ತವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾನೋ ಏನೋ, ಯಾರಿಗೆ ಗೊತ್ತು.

ಆ ಪರೀಕ್ಷೆಯಲ್ಲಿ ಒಂದು ಭಾಗ ಬಾಯಿಮಾತಿನದು. ಎದುರಿಗೆ ಒಂದು ಚಿತ್ರ ಇಡುತ್ತಾರೆ, ಅದನ್ನು ನೋಡಿ ತಡವರಿಸದೆ ಮಾತಾಡಬೇಕು. ನಮ್ಮವರು ಸಂತೆಯಲ್ಲಿ ಊರು ಹಾರಿಹೋಗುವ ಹಾಗೆ ಕಿರುಚುತ್ತಾರೆ, ಪರೀಕ್ಷೆ ಮೇಜಿನ ಮುಂದೆ ಕೂರಿಸಿದರೆ ಬಾಯಿಗೆ ಬೀಗ. ಅದಕ್ಕೆ ಮಿರ್ಸಿನಿ ಒಂದು ಉಪಾಯ ಹೂಡಿದ್ದಳು. ಯಾವ ಚಿತ್ರ ಬಂದರೂ ಹೊಂದುವ ನಾಲ್ಕು ಸಾಲು. ಮೊದಲು ಅದನ್ನು ಹೇಳಿಬಿಡಬೇಕು, ಅಷ್ಟರಲ್ಲಿ ಎದೆಬಡಿತ ಹತೋಟಿಗೆ ಬರುತ್ತದೆ, ಆಮೇಲೆ ಉಳಿದದ್ದು. ದಿನಾ ಸಂಜೆ ಹುಡುಗರು ದೊಡ್ಡವರು ಎಲ್ಲ ಒಟ್ಟಿಗೆ ಆ ನಾಲ್ಕು ಸಾಲನ್ನು ರಾಗವಾಗಿ ಒಪ್ಪಿಸುವುದು, ಕೆಳಗೆ ನಾನು ಅದೇ ತಾಳಕ್ಕೆ ಹಿಟ್ಟು ನಾದುವುದು. ಪ್ರತಿ ಬೇಸಿಗೆಯಲ್ಲಿ ಪಾಸಾದವರ ಹೆಸರು ಬರೆಸಿದ ಬ್ಯಾನರನ್ನು ಮಿರ್ಸಿನಿ ಬಾಲ್ಕನಿಗೆ ಕಟ್ಟುತ್ತಿದ್ದಳು. ಅವಳ ಹತ್ತಿರ ಫೇಲಾದವರೇ ಕಡಿಮೆ.

ನಾನು ಹೇಳಹೊರಟ ಚಳಿಗಾಲದಲ್ಲಿ ಕ್ಲಾಸಿಗೆ ಬರುತ್ತಿದ್ದ ದೊಡ್ಡವರಲ್ಲಿ ಒಬ್ಬ ಥಿಮಿಯೋಸ್. ಹತ್ತಿರ ಹತ್ತಿರ ಐವತ್ತು ವಯಸ್ಸು, ಬಾಗಿಲಿಗೆ ಅಡ್ಡ ನಿಂತರೆ ಅಂಗಡಿಯೇ ಕತ್ತಲಾಗುವಷ್ಟು ದೊಡ್ಡ ಆಳು. ಚಿಕ್ಕವನಿದ್ದಾಗ ಕೆಲವು ವರ್ಷ ಸರಕು ಹಡಗಿನಲ್ಲಿ ದುಡಿದಿದ್ದ. ಅಲ್ಲಿ ಕಲಿತ ಇಂಗ್ಲಿಷಿನಲ್ಲಿ "ಎಳಿ", "ಬಿಡು" ಎರಡು ಬಿಟ್ಟರೆ ಉಳಿದದ್ದೆಲ್ಲ ಬೈಗುಳ ಅಂತ ಮಿರ್ಸಿನಿ ನಗುತ್ತಿದ್ದಳು. ಹಡಗು ಬಿಟ್ಟು ಬಂದಮೇಲೆ ಅಪ್ಪನ ಕಸುಬಿಗೇ ಇಳಿದ. ಗುಡ್ಡದ ಪೈನ್ ಮರಗಳ ತೊಗಟೆ ಕೆತ್ತಿ, ರಾಳ ಇಳಿಸಿ, ಹೇಸರಗತ್ತೆಯ ಮೇಲೆ ಹೇರಿಕೊಂಡು ಬರುವ ಕಸುಬು. ಅವನು ಬ್ರೆಡ್ ಒಯ್ಯಲು ಬಂದುಹೋದರೆ ಅಂಗಡಿಯಲ್ಲಿ ಬಹಳ ಹೊತ್ತು ರಾಳದ ವಾಸನೆ ಇರುತ್ತಿತ್ತು.

ಆ ಚಳಿಗಾಲಕ್ಕೆ ಮೊದಲಿನ ಬೇಸಿಗೆಯಲ್ಲಿ ಬೆಂಕಿ ಬಂತು. ಗುಡ್ಡದ ಆ ಮಗ್ಗುಲಿನಿಂದ ಹತ್ತಿ ಈ ಮಗ್ಗುಲಿನ ಸಮುದ್ರಕ್ಕೆ ಬಂದು ನಿಂತಿತು. ನಮ್ಮನ್ನೆಲ್ಲ ದಡದಿಂದ ದೋಣಿಗೆ ಹತ್ತಿಸಿದರು. ಥಿಮಿಯೋಸ್ ಕೊನೆಯ ದೋಣಿಗೆ ಓಡಿಬಂದ, ಮುಖವೆಲ್ಲ ಮಸಿ. ಮಂಜಿನ ಹಾಗೆ ಉದುರುವ ಬೂದಿಯಲ್ಲಿ ಕೂತು ಅವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. "ಕನೆಲ್ಲಾನ ಬಿಚ್ಚಲಿಲ್ಲ. ಹಗ್ಗ ಬಿಚ್ಚಲಿಲ್ಲ." ಕನೆಲ್ಲಾ ಅಂದರೆ ಅವನ ಹೇಸರಗತ್ತೆ, ದಾಲ್ಚಿನ್ನಿ ಬಣ್ಣದ್ದು. ನೆರಳಿಗೆ ಅಂತ ಮರಕ್ಕೆ ಕಟ್ಟಿದ್ದನಂತೆ. ಆ ದಿನ ಬಿಟ್ಟರೆ ಅದರ ಹೆಸರನ್ನು ಅವನ ಬಾಯಲ್ಲಿ ನಾವು ಮತ್ತೆ ಕೇಳಲಿಲ್ಲ.

ಪೈನ್ ಮರ ರಾಳ ಕೊಡುವಷ್ಟು ದಪ್ಪವಾಗಲು ಒಂದು ಆಯುಸ್ಸು ಬೇಕು. ಹಾಗಾಗಿ ಅವನ ಕಸುಬು ಮುಗಿಯಿತು. ಜರ್ಮನಿಯಲ್ಲಿ ಗೋದಾಮು ಕೆಲಸದಲ್ಲಿದ್ದ ಅವನ ಭಾವಮೈದ ಬಾ ಬಾ ಅಂತ ಕರೆಯುತ್ತಿದ್ದ. ಹೆಂಡತಿ ಅಂಥುಲಾಳನ್ನೂ ಮಗಳು ಕ್ರಿಸಾಂಥಿಯನ್ನೂ ಬಿಟ್ಟು ಹೋಗಲು ಇವನಿಗೆ ಮನಸ್ಸಿಲ್ಲ. ಅಷ್ಟರಲ್ಲಿ ಬೆಂಕಿ ಕಾವಲಿಗೆ ಖಾಯಂ ಆಳುಗಳನ್ನು ತೆಗೆದುಕೊಳ್ಳುತ್ತಾರೆ ಅಂತ ಸುದ್ದಿ ಬಂತು. ಇವನಿಗೆ ಕಾಡು ಗೊತ್ತು, ಅದಕ್ಕೆ ಅಂಕವಿಲ್ಲ. ಇಂಗ್ಲಿಷ್ ಕಾಗದ ಇದ್ದರೆ ಅಂಕ ಇದೆ. ವಸಂತದಲ್ಲಿ ಪರೀಕ್ಷೆ. ಪಾಸಾದರೆ ಊರು, ಇಲ್ಲದಿದ್ದರೆ ಜರ್ಮನಿ. ಅಂಥುಲಾ ನನ್ನ ಅಂಗಡಿಯಲ್ಲಿ ನಿಂತು ಇದನ್ನು ಹೇಳುವಾಗ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು.

ಈಗ ನಾನು ಮಾಡಿದ ಹುಡುಗಾಟ ಕೇಳಿ. ಒಂದು ಮಧ್ಯಾಹ್ನ ಮಿರ್ಸಿನಿ ಕಾಫಿಗೆ ಅಂತ ಕೆಳಗೆ ಬಂದಳು, ಮುಖ ಬಾಡಿತ್ತು. ನಗಿಸೋಣ ಅಂತ ನಾನು ಒಲೆಯಿಂದ ಬ್ರೆಡ್ಡಿನ ತಟ್ಟೆ ಎಳೆದು, ಅದನ್ನೇ ಚಿತ್ರ ಮಾಡಿಕೊಂಡು, ಕೈಕಟ್ಟಿ ನಿಂತು ಅವಳ ನಾಲ್ಕು ಸಾಲನ್ನು ಇಂಗ್ಲಿಷಿನಲ್ಲಿ ಪಟಪಟ ಒಪ್ಪಿಸಿಬಿಟ್ಟೆ. ರಾಗ ಸಮೇತ. ಮಿರ್ಸಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತುಹೋಯಿತು.

"ಅಕ್ಕಾ, ಇನ್ನೊಂದ್ಸಲ ಹೇಳು."

ಹೇಳಿದೆ.

"ಏನು ಹೇಳ್ದೆ ಅಂತ ಗೊತ್ತಾ ನಿಂಗೆ?"

"ನಂಗೇನು ಗೊತ್ತು? ನಿನ್ನ ಕಾಟಕ್ಕೆ ಬಾಯಿಪಾಠ ಆಗೋಗಿದೆ."

ಅವಳು ಅರ್ಥ ಹೇಳಿದಳು. 'ಈ ಚಿತ್ರದಲ್ಲಿ ನನಗೆ ಕೆಲವು ಜನ ಕಾಣುತ್ತಿದ್ದಾರೆ. ಹವೆ ಬೆಚ್ಚಗಿರುವಂತಿದೆ. ಅವರೆಲ್ಲ ಖುಷಿಯಾಗಿರುವಂತಿದೆ. ನನಗೂ ಮನೆಯವರನ್ನೆಲ್ಲ ಕರೆದುಕೊಂಡು ಅಲ್ಲಿರಬೇಕು ಅನಿಸುತ್ತದೆ.'

"ಅಯ್ಯೋ, ಬ್ರೆಡ್ ತಟ್ಟೇಲಿ ಜನ ಎಲ್ಲಿದಾರೆ?" ಅಂತ ನಾನು ನಕ್ಕೆ.

ಅವಳು ನಗಲಿಲ್ಲ. "ನಿಂಗೆ ಒಂದಕ್ಷರ ಇಂಗ್ಲಿಷ್ ಬರಲ್ಲ. ನನ್ನ ಹುಡುಗರಿಗಿಂತ ಚೆನ್ನಾಗಿ ಹೇಳ್ದೆ. ನಿನ್ನನ್ನೂ ಪಾಸ್ ಮಾಡಿಸ್ಬಹುದು ನಾನು. ಏನು ಮಾಡ್ತಿದೀನಿ ಅಕ್ಕಾ, ಇಷ್ಟು ವರ್ಷದಿಂದ?"

"ಏನು ಮಾಡ್ತಿದೀಯ, ಗಿಳಿಪಾಠ ಹೇಳಿಸ್ತಿದೀಯ. ಊರಿಗೆ ಊರೇ ಅದನ್ನೇ ಕೇಳ್ತಿದೆ. ಕಾಫಿ ಕುಡಿ, ಆರೋಗತ್ತೆ."

ಕಾಫಿ ಆರಿಹೋಯಿತು. ಅವಳು ಕಿಟಕಿಯ ಆಚೆ ಇನ್ನೂ ಕಪ್ಪಾಗಿಯೇ ಇದ್ದ ಗುಡ್ಡವನ್ನು ನೋಡುತ್ತಾ, ಹೋದ ವರ್ಷ ಪಾಸಾದ ಹುಡುಗಿಯೊಬ್ಬಳ ಕಥೆ ಹೇಳಿದಳು. ಬ್ಯಾನರಿನಲ್ಲಿ ಮೊದಲ ಹೆಸರು ಅವಳದೇ. ಬಂದರಿನಲ್ಲಿ ಒಬ್ಬ ಪ್ರವಾಸಿ ಮುದುಕ ಎದೆ ಹಿಡಿದುಕೊಂಡು ಏನೋ ಕೇಳಿದನಂತೆ, ಈ ಹುಡುಗಿ ನಗುತ್ತಾ ತಲೆಯಾಡಿಸಿ ಹೊರಟುಹೋದಳಂತೆ. ಮಿರ್ಸಿನಿಯೇ ಆಚೆ ಬದಿಯಿಂದ ಓಡಿಬಂದು ಅವನಿಗೆ ಡಾಕ್ಟರನ್ನು ಕರೆಸಿದ್ದು. "ಟೀಚರ್, ಅದು ಸಿಲಬಸ್‌ನಲ್ಲಿ ಇರ್ಲಿಲ್ಲ ಅಂದ್ಳು ಕಣೇ," ಅಂದಳು. ಇದನ್ನು ಅವಳು ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಮಾರನೆಯ ಸಂಜೆ ಮೇಲಿನ ರಾಗ ನಿಂತಿತು. ಮಿರ್ಸಿನಿ ಒಬ್ಬೊಬ್ಬರನ್ನೇ ಎಬ್ಬಿಸಿ ಅವರವರ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿಸಲು ಹೊರಟಿದ್ದಳು. ಅಬ್ಬಾ, ಆ ಮೌನ! ಮೇಲೆ ಯಾರಾದರೂ ಸತ್ತುಗಿತ್ತು ಬಿದ್ದಿದ್ದಾರೋ ಅಂತ ನನಗೆ ಗಾಬರಿ. ಒಂದು ವಾರ ಹಾಗೇ ನಡೆಯಿತು. ತಾಯಂದಿರು ಬ್ರೆಡ್ ಕೊಳ್ಳುವ ನೆಪದಲ್ಲಿ ಬಂದು "ನಿಮ್ಮ ತಂಗಿಗೆ ಹುಷಾರಿಲ್ವಾ?" ಅಂತ ಕೇಳತೊಡಗಿದರು.

ಒಂದು ದಿನ ಎಲ್ಲರೂ ಇಳಿದುಹೋದ ಮೇಲೆ ಥಿಮಿಯೋಸ್ ಒಬ್ಬನೇ ಮೇಲಿದ್ದ. ಮಿರ್ಸಿನಿಯ ದನಿ ಮೆತ್ತಗೆ ಏನೋ ಕೇಳುತ್ತಿತ್ತು. ಆಮೇಲೆ ಕುರ್ಚಿ ದಡಾರನೆ ಬಿತ್ತು, ಮೆಟ್ಟಿಲು ಮುರಿಯುವ ಹಾಗೆ ಅವನು ಇಳಿದು ನನ್ನ ಅಂಗಡಿಗೇ ನುಗ್ಗಿದ. ಹಿಂದೆಯೇ ಮಿರ್ಸಿನಿ.

"ಥಿಮಿಯೋ, ನಾನು ತಪ್ಪಾಗಿ ಏನೂ ಕೇಳ್ಲಿಲ್ಲಪ್ಪ. ನಿಮ್ಮ ಮರಗಳ ಬಗ್ಗೆ ಹೇಳಿ ಅಂದೆ ಅಷ್ಟೆ. ನಿಮಗೆ ಗೊತ್ತಿರೋದು ಅದು. ಗೊತ್ತಿರೋದನ್ನ ಹೇಳಿದ್ರೆ ಭಾಷೆ ತಾನಾಗಿ ಬರತ್ತೆ."

"ನಂಗೆ ಭಾಷೆ ಬೇಡ ಟೀಚರ್!" ಅವನು ಕೂಗಿದ್ದಕ್ಕೆ ಕಪಾಟಿನ ಗಾಜು ಅದುರಿತು. "ನಮ್ಮ ಭಾಷೇಲೇ ಅದನ್ನ ಯಾರಿಗೂ ಹೇಳಿಲ್ಲ ನಾನು. ಹೆಂಡ್ತಿಗೂ ಹೇಳಿಲ್ಲ. ನಿಮ್ಮ ಹತ್ರ ಬಂದು ಇಂಗ್ಲಿಷಲ್ಲಿ ಹೇಳ್ಬೇಕಾ? ಕಾಗದ ಕೊಡಿಸಿ ಸಾಕು. ಆ ನಾಲ್ಕು ಸಾಲು ಚೆನ್ನಾಗಿತ್ತು. ಅದರಲ್ಲಿ ನಾನಿರ್ಲಿಲ್ಲ. ಅದಕ್ಕೇ ಹೇಳೋಕಾಗ್ತಿತ್ತು."

"ಹೊಂದದೇ ಇರೋ ಚಿತ್ರ ಬಂದ್ರೆ?"

"ಯಾವ್ದು ಬಂದ್ರೂ ಬಾಯಿ ತಾನಾಗಿ ಹೇಳೋ ಹಾಗೆ ಮಾಡಿ. ನನ್ನನ್ನ ಕೇಳ್ಲೇಬಾರದು ಅದು."

ಮಿರ್ಸಿನಿ ನನ್ನ ಕಡೆ ನೋಡಿದಳು. ನನಗೆ ಅಂಥುಲಾಳ ಮುಖ ಕಣ್ಣಿಗೆ ಕಟ್ಟಿತ್ತು. ಜೊತೆಗೆ ನನ್ನ ನಾಲಿಗೆಗೆ ಮೂಳೆಯಿಲ್ಲ, ಊರಿಗೇ ಗೊತ್ತು. "ನಿನಗೆ ಮನಸ್ಸಾಕ್ಷಿ ಚುಚ್ಚಿದ್ರೆ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚು, ಅವನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ? ಅವನು ಜರ್ಮನೀಲಿ ಡಬ್ಬ ಹೊರ್ತಾ ಸಾಯ್ಲಿ ಅಂತಾನಾ?" ಅಂದುಬಿಟ್ಟೆ.

ಮರುದಿನದಿಂದ ರಾಗ ಮತ್ತೆ ಶುರುವಾಯಿತು. ಥಿಮಿಯೋಸನನ್ನು ಮಿರ್ಸಿನಿ ಬೇರೆಯಾಗಿ ಕೂರಿಸಿ ತಿದ್ದಿದಳು. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಒಂದರ ಹಿಂದೆ ಒಂದು ಅವನ ಮುಂದೆ ಇಡುವುದು, ಅವನು ಕಣ್ಣು ಮಿಟುಕಿಸುವುದರೊಳಗೆ ನಾಲ್ಕು ಸಾಲು ಮುಗಿಸುವುದು. ಬೀಚು, ಮದುವೆ, ಮಕ್ಕಳ ಉದ್ಯಾನ, ಸಂತೆ. ಕೊನೆಕೊನೆಗೆ ಅವನು ಎಷ್ಟು ಪಳಗಿದನೆಂದರೆ ರಾತ್ರಿ ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತಾನೆ ಅಂತ ಅಂಥುಲಾ ಹೇಳಿ ನಕ್ಕಳು. ನಾನೂ ನಕ್ಕೆ. ಮಿರ್ಸಿನಿ ಮಾತ್ರ ಆ ದಿನಗಳಲ್ಲಿ ಊಟ ಬಿಟ್ಟಿದ್ದಳು. ಮಾಡಿಟ್ಟ ಪಾಲಕ್ ಪೈ ಹಾಗೇ ಉಳಿಯುತ್ತಿತ್ತು.

ಪರೀಕ್ಷೆ ಹಾಲ್ಕಿಡಾ ಪಟ್ಟಣದಲ್ಲಿ, ಒಂದು ಹೋಟೆಲಿನ ಸಭಾಂಗಣದಲ್ಲಿ. ಥಿಮಿಯೋಸ್ ಮದುವೆಯ ಕೋಟು ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದ. ನಾನು ದಾರಿಗೆ ಅಂತ ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ ಕೊಟ್ಟೆ, ಅವನ ಬೆನ್ನಿಗೆ ಮೂರು ಸಲ ಥೂ ಥೂ ಅಂದು ದೃಷ್ಟಿ ತೆಗೆದೆ. ಸಂಜೆಯ ಬಸ್ಸು ಬಂತು. ಉಳಿದವರೆಲ್ಲ ಸೀದಾ ಮೆಟ್ಟಿಲು ಹತ್ತಿ ಮಿರ್ಸಿನಿಯನ್ನು ಮುತ್ತಿಕೊಂಡರು, ಏನು ಕೇಳಿದರು, ಏನು ಹೇಳಿದೆವು ಅಂತ ಗಲಾಟೆಯೋ ಗಲಾಟೆ. ಥಿಮಿಯೋಸ್ ಬಸ್ಸಿಳಿದವನು ಅಂಗಡಿಯ ಕಡೆ ತಿರುಗಿಯೂ ನೋಡದೆ ಮನೆಯ ದಾರಿ ಹಿಡಿದ.

"ಫೇಲ್ ಆಗಿರ್ತಾನೆ," ಅಂದೆ ನಾನು.

ಮಿರ್ಸಿನಿ ಬಿಳಿಚಿಕೊಂಡಳು. ಅವತ್ತಿನಿಂದ ಫಲಿತಾಂಶದ ದಿನದವರೆಗೆ ಅವನು ಅಂಗಡಿಗೆ ಬರಲಿಲ್ಲ, ಬ್ರೆಡ್ಡಿಗೆ ಮಗಳನ್ನು ಕಳಿಸುತ್ತಿದ್ದ. ಮಿರ್ಸಿನಿ ಅವನ ಮನೆಗೆ ಹೋಗಿ ಬಾಗಿಲು ತಟ್ಟಿದರೆ ಅಂಥುಲಾ "ಮಲಗಿದ್ದಾರೆ ಟೀಚರ್" ಅಂದಳಂತೆ. ಹಾಡುಹಗಲಿನಲ್ಲಿ, ಆ ಬೆಟ್ಟದಂಥ ಆಳು. "ನಾನು ಅವನನ್ನ ಹಾಳು ಮಾಡ್ದೆ ಅಕ್ಕಾ. ಸರಿಯಾಗಿ ಕಲಿಸ್ಲೂ ಇಲ್ಲ, ಗಿಳಿಪಾಠಾನೂ ದಕ್ಕಲಿಲ್ಲ," ಅಂತ ಇವಳು ಗೋಳಾಡುವುದು, ನಾನು ಸುಮ್ಮನಿರು ಅಂತ ಗದರುವುದು, ಇದೇ ಆಯಿತು ಆ ಬೇಸಿಗೆಯಲ್ಲಿ.

ಅವನು ಪಾಸಾಗಿದ್ದ. ಅದೂ ಬಾಯಿಮಾತಿನ ಭಾಗದಲ್ಲಿ ಇಡೀ ಕ್ಲಾಸಿಗೇ ಹೆಚ್ಚು ಅಂಕ ಅವನದೇ.

ನಮ್ಮಲ್ಲಿ ಪಾಸಾದವರು ಸಿಹಿ ಹಂಚಬೇಕು. ಮೂರನೇ ದಿನ ಥಿಮಿಯೋಸ್ ಅಂಗಡಿಗೆ ಬಂದ. ಸೊರಗಿಹೋಗಿದ್ದ, ಕೋಟಿನ ಬದಲು ಹಳೆಯ ಅಂಗಿ. ಬಕ್ಲಾವಾ ಡಬ್ಬಿ ಕಟ್ಟಿಕೊಡಿ ಅಂದ. ಕಟ್ಟಿದೆ. ಅದನ್ನು ಗಲ್ಲಾದ ಮೇಲೇ ನನ್ನ ಕಡೆ ಸರಿಸಿ, "ಇದು ಟೀಚರಿಗೆ. ನೀವೇ ಕೊಡಿ," ಅಂದು ಹೊರಟ.

"ನಿಲ್ಲಯ್ಯ! ಪಾಸಾದ ಮುಖಾನಾ ಇದು? ಹೆಣ ಹೊತ್ತು ಬಂದವನ ಹಾಗಿದೀಯಲ್ಲ! ಮೇಲೆ ಹೋಗಿ ನೀನೇ ಕೊಡು."

ಅವನು ಬಾಗಿಲಲ್ಲಿ ನಿಂತ. ಅಷ್ಟು ಹೊತ್ತಿಗೆ ದನಿ ಕೇಳಿ ಮಿರ್ಸಿನಿ ಇಳಿದು ಬಂದಿದ್ದಳು, ಅವನಿಗೆ ಕಾಣಿಸದ ಹಾಗೆ ಮೆಟ್ಟಿಲ ಬುಡದಲ್ಲೇ ಉಳಿದಳು.

"ಏನು ಚಿತ್ರ ಬಂತು ಗೊತ್ತಾ ಫಾಲಿಯಕ್ಕ?" ಅಂದ. "ಗುಡ್ಡ. ರಾತ್ರಿ. ಗುಡ್ಡ ಹತ್ಕೊಂಡು ಉರೀತಿದೆ. ಮುಂದೆ ಒಂದು ದೋಣಿ, ಅದರ ತುಂಬ ಜನ ಬೆನ್ನು ಹಾಕ್ಕೊಂಡು ನಿಂತು ನೋಡ್ತಿದಾರೆ. ನಮ್ಮ ಗುಡ್ಡವೋ ಇನ್ಯಾರದೋ, ಗೊತ್ತಿಲ್ಲ. ಎಲ್ಲಾ ಗುಡ್ಡಾನೂ ಉರಿಯುವಾಗ ಒಂದೇ ಥರ ಇರತ್ತೆ."

ನಾನು ಕೈಯಲ್ಲಿದ್ದ ದಾರದುಂಡೆ ಕೆಳಗಿಟ್ಟೆ.

"ಮೊದಲ ಸಾಲು ತಾನಾಗೇ ಬಂತು. ಜನ ಕಾಣ್ತಿದಾರೆ ಅಂದೆ. ಸರಿ, ಇದ್ರಲ್ಲ. ಆಮೇಲೆ ಹವೆ ಬೆಚ್ಚಗಿದೆ ಅಂದೆ. ಆಗ ಗೊತ್ತಾಯ್ತು ಮುಂದೆ ಏನು ಬರತ್ತೆ ಅಂತ. ತಡೀಬೇಕು ಅಂತ ನೋಡ್ದೆ ಅಕ್ಕಾ, ದೇವರಾಣೆ ನೋಡ್ದೆ, ಬಾಯಿ ನಿಲ್ಲಲಿಲ್ಲ. ಖುಷಿಯಾಗಿದಾರೆ ಅಂದೆ. ಮನೆಯವರನ್ನೆಲ್ಲ ಕರ್ಕೊಂಡು ನಂಗೂ ಅಲ್ಲಿರ್ಬೇಕು ಅನ್ಸತ್ತೆ ಅಂದೆ." ಅವನು ತನ್ನ ಕೈಗಳನ್ನು ನೋಡಿಕೊಂಡ. ರಾಳದ ಕಲೆ ಇನ್ನೂ ಪೂರ್ತಿ ಹೋಗಿರಲಿಲ್ಲ. "ಅದು ಅಲ್ಲಿ ಹಗ್ಗದಲ್ಲಿ ಕಟ್ಟಿದ ಹಾಗೇ ನಿಂತಿತ್ತು. ಚಿತ್ರದಲ್ಲಿ ಕಾಣ್ತಿರ್ಲಿಲ್ಲ, ಮರದ ಹಿಂದೆ ಇತ್ತು. ನಾನು ನೋಡ್ತಾನೇ ಹೇಳ್ದೆ."

"ಆ ಪರೀಕ್ಷೆ ಮಾಡೋಳು ಏನಂದ್ಳು?"

"ಬೈದಿದ್ರೆ ಚೆನ್ನಾಗಿತ್ತು. ನಕ್ಕಿದ್ರೂ ಸರಿ. ಅವಳು ತಲೆ ಎತ್ತಿ ನನ್ನ ನೋಡಿದ್ಲು, ಆಮೇಲೆ ಏನೋ ಬರ್ಕೊಂಡು 'ವೆರಿ ಗುಡ್' ಅಂದ್ಳು."

ಮೆಟ್ಟಿಲ ಬುಡದಲ್ಲಿ ಮಿರ್ಸಿನಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅವಳು ಹೊರಗೆ ಬಂದು "ಥಿಮಿಯೋ" ಅಂದಾಗ ಅವನು ಬೆಚ್ಚಲಿಲ್ಲ, ತಲೆ ಬಗ್ಗಿಸಿದ.

"ನಾನು ಹಾಗೆ ಮಾಡ್ಬಾರ್ದಿತ್ತು. ನಿಮ್ಮ ಬಾಯಿಗೆ ಅದನ್ನ ಹಾಕ್ಬಾರ್ದಿತ್ತು."

"ನಾನೇ ಕೇಳಿದ್ದಲ್ವಾ ಟೀಚರ್," ಅಂದ. ದನಿಯಲ್ಲಿ ಕೋಪವೇ ಇರಲಿಲ್ಲ, ಅದೇ ಸಹಿಸಲಾಗದ್ದು. "ನೀವು ಕೆಲಸ ಸರಿಯಾಗೇ ಮಾಡಿದೀರಿ. ಬಕ್ಲಾವಾ ತಿನ್ನಿ."

ಅವನು ಹೋದಮೇಲೆ ಮಿರ್ಸಿನಿ ಆ ಡಬ್ಬಿಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಪರವಾಗಿ ಒಂದು ಮಾತಾಡಲು ಹೋದೆ, ಅವತ್ತು ಇದೇ ಗಲ್ಲಾದ ಹಿಂದೆ ನಿಂತು ನಾನು ಅಂದದ್ದು ನೆನಪಾಗಿ ಬಾಯಿ ಮುಚ್ಚಿದೆ. ಆ ವರ್ಷ ಅವಳು ಬಾಲ್ಕನಿಗೆ ಬ್ಯಾನರ್ ಕಟ್ಟಲಿಲ್ಲ. ಊರವರು ಅದಕ್ಕೂ ಒಂದು ಕಥೆ ಕಟ್ಟಿದರು, ಬಿಡಿ. ಸೆಪ್ಟೆಂಬರಿನಲ್ಲಿ ಕ್ಲಾಸು ತೆರೆದಾಗ ಆ ನಾಲ್ಕು ಸಾಲನ್ನು ಬಿಟ್ಟುಬಿಡುತ್ತೇನೆ, ಪಾಸಾಗದಿದ್ದರೆ ಬೇಡ, ಹುಡುಗರು ಕಡಿಮೆಯಾದರೆ ಆಗಲಿ ಅಂತ ನನ್ನ ಮುಂದೆ ಆಣೆ ಮಾಡಿದಳು. ಮಾಡುವವಳೇ ಅವಳು.

ಸೆಪ್ಟೆಂಬರಿನ ಮೊದಲ ಸಂಜೆ ಥಿಮಿಯೋಸ್ ಬಂದ. ಈ ಸಲ ಕಾವಲುಗಾರನ ಹೊಸ ಸಮವಸ್ತ್ರ. ಕೈಹಿಡಿದುಕೊಂಡು ಕ್ರಿಸಾಂಥಿಯನ್ನು ಕರೆತಂದಿದ್ದ, ಎತ್ತರಕ್ಕೆ ಬೆಳೆದ ತೆಳ್ಳನೆಯ ಹುಡುಗಿ, ಅಪ್ಪನದೇ ಹುಬ್ಬು.

"ಕೆಲಸ ಎಲ್ಲಿ ಹಾಕಿದಾರಪ್ಪಾ?" ಅಂತ ಕೇಳಿದೆ.

"ಗುಡ್ಡದ ನೆತ್ತಿ ಮೇಲೆ ಗೋಪುರ ಕಟ್ಟಿದಾರಲ್ಲ, ಅಲ್ಲೇ. ನನ್ನ ಮರಗಳಿದ್ವಲ್ಲ, ಸರಿಯಾಗಿ ಅದರ ಮೇಲೆ. ಬೆಳಗಿಂದ ಸಂಜೆವರೆಗೂ ನೋಡ್ತಾ ಕೂರೋದು." ಅವನು ನಕ್ಕ, ಒಂದು ಥರದ ನಗು. "ಅಲ್ಲಿರ್ಬೇಕು ಅಂತ ಇಂಗ್ಲಿಷಲ್ಲಿ ಬೇಡ್ಕೊಂಡ್ನಲ್ಲ ಅಕ್ಕಾ. ಕೊಟ್ಟೇಬಿಟ್ರು."

ಮಿರ್ಸಿನಿ ಇಳಿದು ಬಂದಳು. ಹುಡುಗಿಯ ತಲೆ ನೇವರಿಸಿ, "ಇವಳಿಗೆ ನಾನು ನಿಜವಾಗ್ಲೂ ಕಲಿಸ್ತೀನಿ ಥಿಮಿಯೋ. ಆ ನಾಲ್ಕು ಸಾಲು ಈ ವರ್ಷದಿಂದ ಇಲ್ಲ. ಇವಳು ತನ್ನ ಮಾತು ತಾನೇ ಆಡ್ಬೇಕು," ಅಂದಳು.

ಥಿಮಿಯೋಸ್ ಒಮ್ಮೆಲೇ ಗಂಭೀರನಾದ. "ಬೇಡ ಟೀಚರ್. ದಯವಿಟ್ಟು ಬೇಡ. ಅದನ್ನೇ ಹೇಳ್ಕೊಡಿ. ಅದು ಕೆಲಸ ಮಾಡತ್ತೆ, ನನಗೆ ಗೊತ್ತು. ಇವಳೂ ಜರ್ಮನಿಗೆ ಹೋಗೋದು ಬೇಡ ನಂಗೆ."

ಮಿರ್ಸಿನಿ ನನ್ನ ಕಡೆ ತಿರುಗಿದಳು. ಆ ಚಳಿಗಾಲದಲ್ಲಿ ನೋಡಿದ ಹಾಗೆಯೇ ನೋಡಿದಳು. ಈ ಸಲ ನನ್ನ ನಾಲಿಗೆ ಏಳಲಿಲ್ಲ. ಹುಡುಗಿಯ ಕೈ ಹಿಡಿದುಕೊಂಡು ಅವಳು ಮೆಟ್ಟಿಲು ಹತ್ತಿದಳು. ಥಿಮಿಯೋಸ್ ಎರಡು ಬ್ರೆಡ್ ತೆಗೆದುಕೊಂಡು, ಸುಟ್ಟ ಗುಡ್ಡದ ದಾರಿ ಹಿಡಿದ.

ನಾನು ಹಿಟ್ಟಿನ ಮೇಲೆ ಕೈಯಿಟ್ಟುಕೊಂಡು ಕಾದೆ. ಆಮೇಲೆ ಮಿರ್ಸಿನಿ ಮೊದಲ ಸಾಲನ್ನು ಹೇಳಿಕೊಟ್ಟಳು, ದನಿ ಒಡೆದಿತ್ತು. ಹುಡುಗರು ಒಟ್ಟಾಗಿ ಹಿಡಿದುಕೊಂಡರು. ಜನ ಕಾಣುತ್ತಿದ್ದಾರೆ, ಹವೆ ಬೆಚ್ಚಗಿದೆ, ಖುಷಿಯಾಗಿದ್ದಾರೆ. ಹೊಸಬರು ತೊದಲುತ್ತಿದ್ದರು, ಒಂದು ದನಿ ಮಾತ್ರ ಎಲ್ಲರಿಗಿಂತ ಮುಂದೆ, ಒಂದೂ ತಪ್ಪಿಲ್ಲದೆ ಕೊನೆಯ ಸಾಲನ್ನು ಹೇಳಿ ಮುಗಿಸಿತು. ಅದು ಕ್ರಿಸಾಂಥಿ. ಅಪ್ಪ ಮನೆಯಲ್ಲೇ ಕಲಿಸಿ ಕಳಿಸಿದ್ದ.